ಡಿಕ್ಕಿ ತೆಗೆಯೋಕೆ ಆಗ್ತಿಲ್ಲ, ಒಳಗೆ ಎರಡು ಹಲಸಿನ ಹಣ್ಣಿವೆ

ಗುಬ್ಬಿಗೇಟ್_ಹುಡುಗ:
ನಮ್ಮದು ಹದಿನೈದು ವರ್ಷದ ಹಳೇ ಸೆಡಾನ್. ಭಾನುವಾರ ಚೇಳೂರಿನಿಂದ ಎರಡು ದೊಡ್ಡ ಹಲಸಿನ ಹಣ್ಣು, ಒಂದು ಮೂಟೆ ತೆಂಗಿನಕಾಯಿ ತಂದೆವು. ಡಿಕ್ಕಿಗೆ ತುರುಕಿ, ಮೇಲೆ ಕೂತು ಒತ್ತಿ ಮುಚ್ಚಿದ್ದು. ತುಮಕೂರಿಗೆ ಬಂದು ಡ್ರೈವರ್ ಸೀಟಿನ ಪಕ್ಕದ ಲಿವರ್ ಎಳೆದರೆ ಟಕ್ ಅನ್ನೋ ಸದ್ದೇ ಇಲ್ಲ, ಸುಮ್ನೆ ಸಡಿಲವಾಗಿ ಕೈಗೆ ಬರುತ್ತೆ. ಡಿಕ್ಕಿಯ ತೂತಿಗೆ ಕೀ ಹಾಕಿದರೆ ಅರ್ಧಕ್ಕೇ ನಿಲ್ಲುತ್ತೆ. ಇವತ್ತು ಬುಧವಾರ, ಇಡೀ ಬೀದಿಗೆ ಘಮ. ಅಪ್ಪ ಹಾರೆ ಹಿಡಿದು ಕೂತಿದ್ದಾರೆ. ಬೇಗ ಯಾರಾದರೂ ದಾರಿ ಹೇಳಿ.

ತಟ್ಟೆಇಡ್ಲಿ_ಕ್ಯಾತ್ಸಂದ್ರ:
ಮೊದಲು ಆ ಹಾರೆ ಇಸ್ಕೊಳ್ಳಿ ಗುರು. ಲಿವರ್ ಸಡಿಲ ಅಂದರೆ ಕೇಬಲ್ ತುಂಡಾಗಿರಬೇಕು, ಇಲ್ಲಾ ಅದರ ಹೊರಗಿನ ಕವಚ ಕ್ಲಿಪ್ಪಿನಿಂದ ಜಾರಿರಬೇಕು. ಸೈಕಲ್ ಬ್ರೇಕ್ ವೈರ್ ಥರಾನೇ ಅದು. ಬಾಗಿಲ ಹತ್ತಿರದ ಪ್ಲಾಸ್ಟಿಕ್ ಪಟ್ಟಿ ಮೇಲೆತ್ತಿ, ಕಾರ್ಪೆಟ್ ಸ್ವಲ್ಪ ಸರಿಸಿದರೆ ಕಾಣುತ್ತೆ. ಕವಚ ಒಂದು ಕೈಯಲ್ಲಿ ಹಿಡ್ಕೊಂಡು ಒಳಗಿನ ವೈರನ್ನ ಇಕ್ಕಳದಿಂದ ಎಳೀರಿ. ಇನ್ನೊಂದು ಮಾತು, ಎಳೆಯುವಾಗ ಇನ್ನೊಬ್ಬರು ಡಿಕ್ಕಿಯ ಮುಚ್ಚಳವನ್ನ ಕೆಳಕ್ಕೆ ಒತ್ತಬೇಕು. ನೀವು ತುರುಕಿ ಮುಚ್ಚಿದ್ದೀರಿ ಅಲ್ವಾ, ಸಾಮಾನು ಒಳಗಿನಿಂದ ಮೇಲಕ್ಕೆ ನೂಕುತ್ತಾ ಕೊಂಡಿಯನ್ನ ಬಿಗಿಹಿಡಿದಿರುತ್ತೆ.

ಶಿರಾಗೇಟ್77:
ಕೀಗೆ ಜಾಸ್ತಿ ಬಲ ಹಾಕಬೇಡಿ, ಒಳಗೇ ಮುರಿದರೆ ಇನ್ನೊಂದು ತಲೆನೋವು. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು ಮೆಲ್ಲಗೆ ಆಡಿಸಿ. ಕೊಬ್ಬರಿ ಎಣ್ಣೆ ಬೇಡ, ಧೂಳು ಸೇರಿ ಅಂಟಾಗುತ್ತೆ (ನಮ್ಮ ಕಡೆ ಎಲ್ಲಕ್ಕೂ ಅದನ್ನೇ ಸುರೀತೀವಿ).

ಹಳೇಗಾಡಿ_ಪ್ರೇಮಿ:
ಯಾವುದೂ ಆಗದಿದ್ದರೆ ಹಿಂದಿನ ಸೀಟು. ಕೆಲವು ಸೆಡಾನ್‌ಗಳಲ್ಲಿ ಬೆನ್ನು ಮಡಚುತ್ತೆ, ಕೆಲವದರಲ್ಲಿ ಬೋಲ್ಟ್ ಬಿಚ್ಚಬೇಕು. ಟಾರ್ಚ್ ಹಿಡಿದು ಕೈ ತೂರಿಸಿ, ಲಾಕಿನ ಹಿಂದಿರುವ ಕೊಂಡಿಯನ್ನ ಉದ್ದನೆ ಸ್ಕ್ರೂಡ್ರೈವರ್‌ನಿಂದ ನೂಕಿ. ಅಮೆರಿಕದಲ್ಲಿ ಮಾರೋ ಸೆಡಾನ್‌ಗಳಿಗೆ 2001ರ ಸೆಪ್ಟೆಂಬರ್‌ನಿಂದ ಡಿಕ್ಕಿಯ ಒಳಗಿನಿಂದಲೇ ತೆಗೆಯೋ ವ್ಯವಸ್ಥೆ ಕಡ್ಡಾಯ, ಕತ್ತಲಲ್ಲಿ ಹೊಳೆಯೋ ಹಿಡಿ ಇರುತ್ತೆ. 1998ರ ಬೇಸಿಗೆಯಲ್ಲಿ ಅಲ್ಲಿ 11 ಮಕ್ಕಳು ಆಟವಾಡ್ತಾ ಡಿಕ್ಕಿಯೊಳಗೆ ಸಿಕ್ಕಿ ತೀರಿಕೊಂಡಿದ್ದರು. ನಮ್ಮ ಹಳೇ ಗಾಡಿಗಳಲ್ಲಿ ಅಂಥದ್ದು ನಾನಂತೂ ನೋಡಿಲ್ಲ. ಮನೇಲಿ ಚಿಕ್ಕ ಮಕ್ಕಳಿದ್ದರೆ ಕಾರಿನ ಕೀ ಮೇಲೆ ಇಡಿ.

ರಿಮೋಟ್_ರಾಯ:
ಹೊಸ ಗಾಡಿಯಾದರೆ ರಿಮೋಟ್ ಬಟನ್ ಒಂದೆರಡು ಸೆಕೆಂಡ್ ಒತ್ತಿ ಹಿಡಿದರೆ ಸಾಕು ಸಾರ್.

ತಟ್ಟೆಇಡ್ಲಿ_ಕ್ಯಾತ್ಸಂದ್ರ:
ಬ್ಯಾಟರಿ ಸತ್ತ ದಿನ ಗೊತ್ತಾಗುತ್ತೆ ರಾಯರೇ. ಅಂಥ ಗಾಡಿಯಲ್ಲಿ ಲಾಕ್‌ಗೆ ಕರೆಂಟ್ ಬೇಕು. ರಿಮೋಟ್ ಒಳಗೆ ಒಂದು ಸಣ್ಣ ಕೀ ಅಡಗಿರುತ್ತೆ, ಅದರಲ್ಲಿ ಮುಂದಿನ ಬಾಗಿಲು ತೆಗೆದು, ಬಾನೆಟ್ ಎತ್ತಿ, ಬೇರೆ ಗಾಡಿಯಿಂದ ಜಂಪ್ ಕೇಬಲ್ ಕೊಟ್ಟು ಆಮೇಲೆ ಡಿಕ್ಕಿ ಕಡೆ ಹೋಗಬೇಕು.

ಗುಬ್ಬಿಗೇಟ್_ಹುಡುಗ:
ತೆಗೀತು!! ಕವಚವೇ ಜಾರಿತ್ತು. ನಾನು ವೈರ್ ಎಳೆದರೆ ಮೂರು ಸಲ ಏನೂ ಆಗಲಿಲ್ಲ, ನಾಲ್ಕನೇ ಸಲ ಅಪ್ಪ ಹಾರೆ ಬಿಟ್ಟು ಎರಡೂ ಕೈಯಿಂದ ಮುಚ್ಚಳ ಒತ್ತಿದರು, ಟಕ್. ಒಂದು ಹಣ್ಣು ಬಿರಿದು ಸ್ಟೆಪ್ನಿ ಗುಂಡಿಯೆಲ್ಲಾ ಅಂಟು. ಇನ್ನೊಂದು ಚೆನ್ನಾಗಿದೆ, ಕ್ಯಾತ್ಸಂದ್ರದ ಅಣ್ಣ ಸಂಜೆ ಬಂದರೆ ಅರ್ಧ ಕೊಡ್ತೀವಿ. ಸ್ಟೆಪ್ನಿಗೆ ಅಂಟಿದ ಹಲಸಿನ ಮೇಣ ಯಾವುದರಲ್ಲಿ ಹೋಗುತ್ತೆ?

ಶಿರಾಗೇಟ್77:
ಅದಕ್ಕೆ ಕೊಬ್ಬರಿ ಎಣ್ಣೆ.