ಮೌಂಟೆಡ್ ಪೊಲೀಸ್‌ಗೆ ಕನ್ನಡದಲ್ಲಿ ಏನನ್ನೋಣ? ಕುದುರೆ ಪೊಲೀಸಾ, ಅಶ್ವಾರೋಹಿನಾ, ರಾವುತನಾ?

ಎಲ್ಲರಿಗೂ ನಮಸ್ಕಾರ. ಕೆನಡಾದ ಸ್ಯಾಮ್ ಸ್ಟೀಲ್ ಬಗ್ಗೆ ಹೈಸ್ಕೂಲ್ ಮಕ್ಕಳು ಓದೋ ಹಾಗೆ ನಾಲ್ಕು ಪುಟ ಬರೀತಿದೀನಿ, ಮೊದಲನೇ ಸಾಲಲ್ಲೇ ಸಿಕ್ಕಾಕ್ಕೊಂಡಿದೀನಿ. ಈತ 1873ರಲ್ಲಿ ಶುರುವಾದ ನಾರ್ತ್ ವೆಸ್ಟ್ ಮೌಂಟೆಡ್ ಪೊಲೀಸ್ ಅನ್ನೋ ಕೆನಡಾದ ಕುದುರೆ ಸವಾರಿ ಪೊಲೀಸ್ ದಳಕ್ಕೆ ಮೊದಮೊದಲು ಸೇರಿದವರಲ್ಲಿ ಒಬ್ಬ, ಕೊನೆಗೆ ಮೊದಲ ಮಹಾಯುದ್ಧದ ಹೊತ್ತಿಗೆ ಸೈನ್ಯದಲ್ಲಿ ಮೇಜರ್ ಜನರಲ್. ಈ ಒಂದು ವಾಕ್ಯಕ್ಕೆ ಕನ್ನಡ ಹುಡುಕ್ತಾ ಒಂದು ವಾರ ಆಯ್ತು.

ಗೂಗಲ್‌ಗೆ ಹಾಕಿದ್ರೆ ‘ಆರೋಹಿತ ಪೊಲೀಸ್’ ಅಂತ ಕೊಡ್ತು. ನಂಗೆ ತಿಳಿದ ಮಟ್ಟಿಗೆ ಆರೋಹಿತ ಅಂದ್ರೆ ಹತ್ತಿಸಲ್ಪಟ್ಟವನು, ಅಂದ್ರೆ ಪಾಪ ಯಾರೋ ಇಬ್ಬರು ಸೇರಿ ಎತ್ತಿ ಕುದುರೆ ಮೇಲೆ ಕೂರಿಸಿದ ಪೊಲೀಸಪ್ಪ. ‘ಅಶ್ವಾರೂಢ’ ವ್ಯಾಕರಣಕ್ಕೆ ಸರಿ, ಆದ್ರೆ ಆರೂಢ ಅಂದ ತಕ್ಷಣ ನಮ್ಮ ಹುಬ್ಬಳ್ಳಿ ಕಡೆಯವರಿಗೆ ನೆನಪಾಗೋದು ಸಿದ್ಧಾರೂಢರು. ‘ಅಶ್ವಾರೋಹಿ’ ಪತ್ರಿಕೆಯವರು ಬಳಸ್ತಾರೆ, ದಸರಾ ಬಂತು ಅಂದ್ರೆ ಮೈಸೂರಿನ ಅಶ್ವಾರೋಹಿ ದಳದ ಫೋಟೋ ಬಂದೇ ಬರತ್ತೆ, ಆದ್ರೆ ಅದೇ ತೊಂದರೆ, ಆ ಪದ ಕೇಳಿದ್ರೆ ಕಣ್ಮುಂದೆ ಬರೋದು ಮೆರವಣಿಗೆ, ಪೇಟ, ಈಟಿ. ಸ್ಟೀಲ್ ಮಾಡಿದ್ದು ಮೆರವಣಿಗೆ ಕೆಲಸ ಅಲ್ಲ. ಲೋಯರ್ ಫೋರ್ಟ್ ಗ್ಯಾರಿ ಅನ್ನೋ ಕೋಟೇಲಿ ಹಿಮದ ಮೇಲೆ ಚಳಿಗಾಲ ಪೂರ್ತಿ ಒರಟು ಕುದುರೆಗಳನ್ನ ಪಳಗಿಸಿ, ಹೊಸಬರಿಗೆ ಸವಾರಿ ಕಲಿಸಿದ ಮನುಷ್ಯ. ಅವನಿಗೆ ‘ಕುದುರೆ ಪೊಲೀಸ್’ ಅಂದ್ರೇ ಮೈಗೆ ಒಪ್ಪತ್ತೆ ಅನ್ಸತ್ತೆ. ನಮ್ಮತ್ತೆ ಈಗ್ಲೂ ಹಾಗೇ ಅನ್ನೋದು.

‘ರಾವುತ’ ಚೆಂದದ ಪದ, ರಾಜಪುತ್ರದಿಂದ ಬಂದಿದ್ದು ಅಂತಾರೆ, ಮಾವುತನ ಜೋಡಿಯಾಗಿ ಕಿವಿಗೂ ಹಿತ. ಆದ್ರೆ ರಾವುತ ಯುದ್ಧದವನು, ಕಳ್ಳನ್ನ ಹಿಡಿಯೋನಲ್ಲ. ಇಲ್ಲೇ ನಂಗೆ ನಿಜವಾದ ತೊಡಕು ಇರೋದು, ಯಾಕಂದ್ರೆ ಆ ದಳವೇ ಅರ್ಧ ಪೊಲೀಸು ಅರ್ಧ ಸೈನ್ಯ. ಪ್ರಧಾನಿ ಮ್ಯಾಕ್ಡೊನಾಲ್ಡ್ ಮೊದಲು ‘ಮೌಂಟೆಡ್ ರೈಫಲ್ಸ್’ ಅಂತ ಬರೆದಿದ್ದನ್ನ, ಅಮೆರಿಕದವರು ಗಡಿಗೆ ಸೈನ್ಯ ಬಂತು ಅಂತ ಗಾಬರಿ ಆಗ್ತಾರೆ ಅಂತ, ರೈಫಲ್ಸ್ ಹೊಡೆದುಹಾಕಿ ಪೊಲೀಸ್ ಅಂತ ತಿದ್ದಿದ ಅಂತ ಒಂದು ಕತೆ ಓಡಾಡತ್ತೆ. ಕತೆ ನಿಜವೋ ಸುಳ್ಳೋ, ಕೆಂಪು ಕೋಟು, ಟ್ರೂಪು, ಸಾರ್ಜೆಂಟ್ ಮೇಜರ್ ಎಲ್ಲಾ ಸೈನ್ಯದ್ದೇ. ಸ್ಟೀಲ್ ಕೂಡ ಪಶ್ಚಿಮ ಕೆನಡಾದ ದಂಗೆ ಅಡಗಿಸೋಕೆ ಹೊರಟ 1870ರ ರೆಡ್ ರಿವರ್ ದಂಡಯಾತ್ರೆಗೆ ಮಾಮೂಲಿ ಸಿಪಾಯಿಯಾಗೇ ಹೋಗಿದ್ದೋನು. ಹಾಗಾಗಿ ‘ಪೊಲೀಸನಾಗಿದ್ದವನು ಸೇನಾಧಿಕಾರಿಯಾದ’ ಅಂತ ಬರೆದ್ರೆ ಸಾಲು ನೆಟ್ಟಗಿರತ್ತೆ, ಬದುಕು ಹಾಗಿಲ್ಲ. ಸಿಪಾಯಿ, ಪೊಲೀಸು, ಮತ್ತೆ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರ್ ಜನಕ್ಕೂ ನಡೆದ ಬೋಯರ್ ಯುದ್ಧದ ಕರ್ನಲ್, ಆಮೇಲೆ ಅಲ್ಲೇ ಮತ್ತೆ ಪೊಲೀಸು, ಆಮೇಲೆ ಜನರಲ್.

ಆ ಬೋಯರ್ ಯುದ್ಧದ ಭಾಗದಲ್ಲಿ ಇನ್ನೊಂದು ತಮಾಷೆ. 1900ರಲ್ಲಿ ಕೆನಡಾದ ಸಾಹುಕಾರ ಲಾರ್ಡ್ ಸ್ಟ್ರಾತ್‌ಕೋನ ಸ್ವಂತ ದುಡ್ಡಲ್ಲಿ 500ಕ್ಕೂ ಹೆಚ್ಚು ಜನರ ಒಂದು ರೆಜಿಮೆಂಟ್ ಕಟ್ಟಿಸಿದ, ಹೆಸರು ‘ಸ್ಟ್ರಾತ್‌ಕೋನಾಸ್ ಹಾರ್ಸ್’, ಸ್ಟೀಲ್ ಅದರ ಮುಖ್ಯಸ್ಥ. ನನ್ನ ಮೊದಲನೇ ಡ್ರಾಫ್ಟ್ ಓದಿದ ಮಗಳು, ‘ಅಪ್ಪಾ, ಒಂದು ಕುದುರೆ ನೋಡ್ಕೊಳಕ್ಕೆ ಕರ್ನಲ್ ಬೇಕಾ?’ ಅಂದ್ಲು. ‘ಸ್ಟ್ರಾತ್‌ಕೋನನ ಕುದುರೆಯ ನಾಯಕತ್ವ ವಹಿಸಿದ’ ಅಂತ ಬರೆದಿದ್ದೆ ಮಾರಾಯ್ರೆ! ಇಂಥ ಹೆಸರಲ್ಲಿ ಹಾರ್ಸ್ ಅಂದ್ರೆ ಕುದುರೆ ಸವಾರರ ಇಡೀ ಪಡೆ. ಆದ್ರೆ ಹಳೇ ಕನ್ನಡದಲ್ಲೂ ಆನೆ, ಕುದುರೆ, ಕಾಲಾಳು ಅಂತ ಏಕವಚನದಲ್ಲೇ ಇಡೀ ಪಡೆಗೆ ಹೇಳೋರು ಅಲ್ವಾ, ಹತ್ತು ಸಾವಿರ ಕುದುರೆ ಅಂದ್ರೆ ಸವಾರರೂ ಸೇರಿದ ಲೆಕ್ಕ. ಈಗ ಆ ಅರ್ಥ ಸವೆದುಹೋಗಿದೆ. ‘ಸ್ಟ್ರಾತ್‌ಕೋನ ಕುದುರೆದಂಡು’ ಅಂತ ಮಾಡಿದೀನಿ, ಬೆಂಗಳೂರು ದಂಡು ಸ್ಟೇಷನ್ ಇರೋವರೆಗೂ ದಂಡು ಅಂದ್ರೆ ಜನಕ್ಕೆ ತಿಳಿಯತ್ತೆ ಅನ್ನೋ ಧೈರ್ಯದ ಮೇಲೆ.

ಜನರಲ್ ಅನ್ನೋದನ್ನ ಮುಟ್ಟಲ್ಲ ನಾನು. ದಳವಾಯಿ ಅಂದ್ರೆ ಮೈಸೂರು ಅರಮನೆ ರಾಜಕೀಯ ಒಳಗೆ ಬಂದುಬಿಡತ್ತೆ, ಸೇನಾಪತಿ ಅಂದ್ರೆ ಪುರಾಣ, ದಂಡನಾಯಕ ಅಂದ್ರೆ ಹೊಯ್ಸಳರ ಶಾಸನ. ಅದೂ ಅಲ್ದೆ ಸ್ಟೀಲ್ ಜನರಲ್ ಆದ್ಮೇಲೆ ರಣರಂಗಕ್ಕೆ ಹೋಗ್ಲೇ ಇಲ್ಲ. ವಯಸ್ಸಾಗಿತ್ತು, 1915ರಲ್ಲಿ ಕೆನಡಾ ಸೈನ್ಯದ ಎರಡನೇ ಡಿವಿಷನ್ನನ್ನ ಇಂಗ್ಲೆಂಡಿಗೆ ಕರ್ಕೊಂಡು ಹೋದ, ಅದನ್ನ ಫ್ರಾನ್ಸಿಗೆ ಕರ್ಕೊಂಡು ಹೋದವರು ಬೇರೆಯವರು, ಈತ ಇಂಗ್ಲೆಂಡಿನ ಶಾರ್ನ್‌ಕ್ಲಿಫ್ ಸೈನ್ಯದ ಕ್ಯಾಂಪ್ ನೋಡ್ಕೊಂಡು ಉಳ್ಕೊಂಡ. ನಾವು ಜನರಲ್ ತಿಮ್ಮಯ್ಯ ಅಂತಾನೇ ಅಲ್ವಾ ಅನ್ನೋದು, ಹಾಗೇ ಇರ್ಲಿ. ಜನರಲ್ ಬೋಗಿ, ಜನರಲ್ ಸ್ಟೋರ್ ಜೊತೆ ಗೊಂದಲ ಆಗಲ್ಲ ಬಿಡಿ.

ಅಂದಹಾಗೆ ಕಾನ್‌ಸ್ಟೇಬಲ್ ಅನ್ನೋ ಪದದ ಮೂಲ ಲ್ಯಾಟಿನ್ನಲ್ಲಿ ಕುದುರೆ ಲಾಯದ ಅಧಿಕಾರಿ, ಮಾರ್ಷಲ್ ಅಂದ್ರೆ ಹಳೇ ಜರ್ಮನ್ ಮಾತಲ್ಲಿ ಕುದುರೆ ಚಾಕರಿಯವನು. ಪೊಲೀಸಿನ ಕೆಳಗಿನ ಮೆಟ್ಟಿಲು, ಸೈನ್ಯದ ತುತ್ತತುದಿ, ಎರಡೂ ಒಂದೇ ಲಾಯದಿಂದ ಹೊರಟಿದ್ದು! ಇದನ್ನ ಬರಹದಲ್ಲಿ ತುರುಕಬೇಕು ಅಂತ ಆಸೆ, ಜಾಗ ಸಿಗ್ತಿಲ್ಲ.

ಉಳಿದಿರೋ ಪ್ರಶ್ನೆ ಎರಡು. ವಾಯವ್ಯ ಕೆನಡಾದ ಕ್ಲೋಂಡೈಕ್‌ಗೆ ಜನ ಚಿನ್ನ ಹುಡುಕ್ತಾ ನುಗ್ಗಿದ 1898ರ ಹುಚ್ಚಿನಲ್ಲಿ, ಅಲಾಸ್ಕಾ ಗಡಿಯ ಚಿಲ್ಕೂಟ್ ಘಾಟಿಯ ನೆತ್ತೀಲಿ ಇವನ ಪೊಲೀಸರು ಹಿಮದಲ್ಲಿ ನಿಂತು, ಒಂದು ವರ್ಷಕ್ಕಾಗೋ ದಿನಸಿ ಸಾಮಾನು, ಸುಮಾರು ಒಂದು ಟನ್, ಇಲ್ದೇ ಇರೋರನ್ನ ಒಳಗೆ ಬಿಡ್ತಿರ್ಲಿಲ್ಲ. ಜನ ಬೆನ್ನ ಮೇಲೆ ಹೊತ್ಕೊಂಡು ಮತ್ತೆ ಮತ್ತೆ ಅದೇ ಏರು ಹತ್ತಿ ಇಳಿದು ಹತ್ತಿ ಸಾಗಿಸ್ತಿದ್ರು. ಹೀಗೆ ಕಂತುಕಂತಾಗಿ ಹೊರೋದಕ್ಕೆ ಮಲೆನಾಡಿನ ಕಡೆ ಒಂಟಿ ಪದ ಏನಾದ್ರೂ ಇದ್ಯಾ? ಇನ್ನೊಂದು, ಆ ಚಿನ್ನದ ಸೀಮೆಯ ಡಾಸನ್ ಊರಲ್ಲಿ ತಪ್ಪು ಮಾಡಿದವರಿಂದ ಪೊಲೀಸ್ ಒಲೆಗಳಿಗೆ ಸೌದೆ ಕುಯ್ಯಿಸೋರು, ಆ ಶಿಕ್ಷೆಗೆ ‘ವುಡ್‌ಪೈಲ್’ ಅಂತಾನೇ ಹೆಸರು. ‘ಸೌದೆ ಸಜಾ’ ಅಂತ ಹಾಕಿದೀನಿ. ಚೆನ್ನಾಗಿಲ್ಲ ಅಂದ್ರೆ ಬೈದು ಬೇರೆ ಹೇಳಿ.