ಸಹಾಯ ಬೇಕು: ಬಿಸಿಯಾದ್ರೆ ಆಫ್ ಆಗುವ ಟಿಪ್ಪರ್, ಇಸಿಎಂ (ಇಂಜಿನ್ ಕಂಪ್ಯೂಟರ್) ಹೋಗಿದೆಯಾ?

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಬಿಎಸ್4 ಟಿಪ್ಪರ್, ಆರು ಸಿಲಿಂಡರ್. ಸಂಡೂರಿನಿಂದ ತೋರಣಗಲ್ಲಿಗೆ ಅದಿರು ಹೊಡೆಯುತ್ತೇನೆ. ಹದಿನೈದು ದಿನದಿಂದ ಒಂದೇ ಗೋಳು. ಬೆಳಿಗ್ಗೆ ಚೆನ್ನಾಗಿ ಓಡುತ್ತದೆ, ಬಿಸಿಲೇರಿದ ಮೇಲೆ ಲೋಡ್ ಸಮೇತ ದಾರಿಯಲ್ಲೇ ಬಂದ್. ಅರ್ಧ ಗಂಟೆ ಆರಿದರೆ ಮತ್ತೆ ಸ್ಟಾರ್ಟ್!

ಸ್ಕ್ಯಾನರ್‌ನಲ್ಲಿ ಸೆನ್ಸರ್‌ಗಳ 5 ವೋಲ್ಟ್ ಸಪ್ಲೈ ಕಡಿಮೆ ಅಂತ ಬರುತ್ತಿದೆ. ಮೆಕ್ಯಾನಿಕ್ ನೋಡಿದ ತಕ್ಷಣ ‘ಇಸಿಎಂ ಬದಲಿಸಿ’ ಅಂದ. ಸುಮ್ನೆ ಅಷ್ಟು ದುಡ್ಡು ಹಾಕೋಕೆ ಮನಸ್ಸಾಗಲಿಲ್ಲ. ಒಂದು ಸೆನ್ಸರ್ ಶಾರ್ಟ್ ಆದರೂ 5 ವೋಲ್ಟ್ ಬೀಳುತ್ತದೆ ಅಲ್ವಾ? ಅದಕ್ಕೆ ಒಂದೊಂದೇ ಪ್ಲಗ್ ಬಿಚ್ಚಿ ನೋಡಿದೆ. ಎಲ್ಲ ಬಿಚ್ಚಿದರೂ ಬಿಸಿಯಲ್ಲಿ 3 ವೋಲ್ಟ್ ಮಾತ್ರ. ಬ್ಯಾಟರಿ 25 ವೋಲ್ಟ್ ಇದೆ, ಅರ್ತ್ ಪಾಯಿಂಟ್ ಉಜ್ಜಿ ಬಿಗಿ ಮಾಡಿದ್ದೇನೆ. ಕ್ಯಾನ್ ಲೈನ್ (ಗಾಡಿಯ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ವೈರ್) 60 ಓಮ್ ತೋರಿಸುತ್ತಿದೆ, ಅದೂ ಸರಿಯಿದೆ. ಇಸಿಎಂ ಕನೆಕ್ಟರ್ ತುಂಬ ಕೆಂಪು ಧೂಳು, ಕ್ಲೀನರ್ ಹೊಡೆದೆ. ಫಲ ಇಲ್ಲ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ತಿಂಗಳು ಬ್ಯಾಟರಿ ಬಿಚ್ಚದೆ ಬಾಡಿ ವೆಲ್ಡಿಂಗ್ ಮಾಡಿಸಿದ್ದೆ. ಆ ಕರೆಂಟ್‌ಗೆ ಇಸಿಎಂ ಕೆಟ್ಟಿತಾ ಅಂತ ಅನುಮಾನ.

ವೈರಿಂಗ್ ಹಾರ್ನೆಸ್ (ವೈರ್‌ಗಳ ಕಟ್ಟು) ಇನ್ನೂ ಪೂರ್ತಿ ನೋಡಿಲ್ಲ. ಇಸಿಎಂ ಪಿನ್‌ನಲ್ಲೇ ಅಳೆಯಲು, ಯಾವ ಪಿನ್ ಯಾವುದಕ್ಕೆ ಅಂತ ತೋರಿಸುವ ಚಿತ್ರ ಯಾರ ಹತ್ತಿರವಾದರೂ ಇದೆಯಾ? ಸೆಕೆಂಡ್ ಹ್ಯಾಂಡ್ ಇಸಿಎಂ ಹಾಕಿದರೆ ಹಳೆಯದರ ಡೇಟಾ ಕಾಪಿ ಮಾಡಿ, ಆರು ಇಂಜೆಕ್ಟರ್‌ಗಳ (ಡೀಸೆಲ್ ಚಿಮ್ಮಿಸುವ ಭಾಗ) ಕೋಡ್ ಹಾಕಿಕೊಡುವವರು ಬಳ್ಳಾರಿ, ಹೊಸಪೇಟೆ ಕಡೆ ಇದ್ದಾರಾ? ಇಸಿಎಂ ಒಳಗಿನ ಬೋರ್ಡ್ ರಿಪೇರಿ ಮಾಡಿಸಿದವರಿದ್ದರೆ ಎಷ್ಟು ದಿನ ಬಾಳಿತು ಹೇಳಿ. ಕಂತು ಕಟ್ಟುವ ದಿನ ಹತ್ತಿರ ಬಂತು, ಗಾಡಿ ಶೆಡ್ಡಲ್ಲೇ ನಿಂತಿದೆ.