ಗಾಲ್‌ಬ್ಲಾಡರ್ ತೆಗೆದ ಮೇಲೆ ಯಾವ ಎಣ್ಣೆ ಬಳಸಬೇಕು? ಡಯಟಿಷಿಯನ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಕಲ್ಲಿದ್ದ ಕಾರಣ ಅಮ್ಮನ ಗಾಲ್‌ಬ್ಲಾಡರ್ ತೆಗೆದಿದ್ದಾರೆ. ಜಿಡ್ಡು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ಎಣ್ಣೆ ಹಾಕಿದ ಏನೇ ತಿಂದರೂ ಹೊಟ್ಟೆ ಉಬ್ಬರ, ಕೆಲವೊಮ್ಮೆ ಊಟ ಮುಗಿಯುತ್ತಿದ್ದ ಹಾಗೇ ಭೇದಿ. ಸೂರ್ಯಕಾಂತಿ ಎಣ್ಣೆ ಬಿಟ್ಟು 'ಲೈಟ್' ಅಂತ ಬರೆದಿರುವ ಆಲಿವ್ ಎಣ್ಣೆ ತಂದೆವು. ಏನೂ ವ್ಯತ್ಯಾಸವಿಲ್ಲ. ಸುಲಭವಾಗಿ ಜೀರ್ಣವಾಗುವ ಎಣ್ಣೆ ಯಾವುದು?

ಡಯಟಿಷಿಯನ್: ಈ ಆಪರೇಷನ್ ಆದ ಎಷ್ಟೋ ಜನರಿಗೆ ಹೀಗಾಗುತ್ತದೆ, ಗಾಬರಿ ಬೇಡ. ಸೂರ್ಯಕಾಂತಿ, ಆಲಿವ್, ಶೇಂಗಾ, ಎಳ್ಳು, ಯಾವುದೇ ಆಗಲಿ, ಎಣ್ಣೆ ಅಂದರೆ ಪೂರ್ತಿ ಕೊಬ್ಬೇ. ಒಂದು ಗ್ರಾಂಗೆ ಸುಮಾರು 9 ಕ್ಯಾಲರಿ. ಆಲಿವ್ ಎಣ್ಣೆಯ ಮೇಲಿನ 'ಲೈಟ್' ಬಣ್ಣ, ರುಚಿಗೆ ಸಂಬಂಧಪಟ್ಟದ್ದು. ಕೊಬ್ಬು ಒಂದು ಚೂರೂ ಕಡಿಮೆ ಇರುವುದಿಲ್ಲ.

ಒಳಗೆ ಏನಾಗುತ್ತಿದೆ ನೋಡಿ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ ಅಲ್ವಾ? ಪಿತ್ತರಸ ಬಂದು ಅದನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯಬೇಕು. ಆಮೇಲೆ ಪ್ಯಾಂಕ್ರಿಯಾಸ್‌ನಿಂದ ಬರುವ ಲೈಪೇಸ್ ಎನ್ನುವ ಕಿಣ್ವ ಅದನ್ನು ಅರಗಿಸುತ್ತದೆ. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ. ಅದನ್ನು ಕೂಡಿಟ್ಟು, ಗಟ್ಟಿ ಮಾಡಿ, ಜಿಡ್ಡಿನ ಊಟ ಬಂದಾಗ ಒಟ್ಟಿಗೆ ಬಿಡುವ ಕೆಲಸ ಗಾಲ್‌ಬ್ಲಾಡರ್‌ದು. ಈಗ ಅದಿಲ್ಲ. ಪಿತ್ತರಸ ದಿನವಿಡೀ ಸ್ವಲ್ಪ ಸ್ವಲ್ಪವೇ ಜಿನುಗುತ್ತಿರುತ್ತದೆ. ಒಂದೇ ಊಟದಲ್ಲಿ ಜಾಸ್ತಿ ಎಣ್ಣೆ ಹೋದರೆ ಅಷ್ಟಕ್ಕೂ ಅದು ಸಾಲುವುದಿಲ್ಲ. ಉಬ್ಬರ ಬರುವುದು ಇದರಿಂದಲೇ. ಇನ್ನು ಹೀಗೆ ಸದಾ ಜಿನುಗುವ ಪಿತ್ತರಸದಲ್ಲಿ ಹೀರಿಕೊಳ್ಳದೆ ಉಳಿದದ್ದು ದೊಡ್ಡ ಕರುಳಿಗೆ ಇಳಿದರೆ ಭೇದಿಯಾಗುತ್ತದೆ.

ಆದ್ದರಿಂದ ಬಾಟಲಿ ಬದಲಾಯಿಸುವುದು ಬಿಟ್ಟು ಅಳತೆ ಶುರು ಮಾಡಿ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯಬೇಡಿ. ಸುಮ್ನೆ ಒಂದು ಸುತ್ತು ಹಾಕಿದರೂ ಎರಡು ಮೂರು ಚಮಚ ಬಿದ್ದಿರುತ್ತದೆ. 5 ಎಂಎಲ್‌ನ ಟೀ ಚಮಚ ಇಟ್ಟುಕೊಳ್ಳಿ, ಅದರಲ್ಲಿ ಸುಮಾರು 4.5 ಗ್ರಾಂ ಎಣ್ಣೆ ಹಿಡಿಯುತ್ತದೆ. 15 ಎಂಎಲ್‌ನ ದೊಡ್ಡ ಚಮಚವಾದರೆ ಸುಮಾರು 14 ಗ್ರಾಂ, ಅಂದರೆ 120 ಕ್ಯಾಲರಿ. ಅಮ್ಮನ ಪಾಲಿಗೆ ಒಂದು ಊಟಕ್ಕೆ ಒಂದು ಟೀ ಚಮಚದಿಂದ ಶುರು ಮಾಡಿ. ದಿನದ ಎಣ್ಣೆಯೆಲ್ಲ ಒಂದೇ ಹೊತ್ತಿಗೆ ಬೀಳದಿರಲಿ, ಸಣ್ಣ ಸಣ್ಣ ಊಟಗಳಿಗೆ ಹಂಚಿ. ಕರಿದದ್ದು ಸದ್ಯಕ್ಕೆ ಬೇಡವೇ ಬೇಡ. ಎಣ್ಣೆ ಯಾವುದೇ ಇರಲಿ, ಕರಿದ ಪದಾರ್ಥ ಎಷ್ಟು ಹೀರಿಕೊಂಡಿದೆ ಅಂತ ಅಳೆಯೋಕೆ ಆಗುವುದಿಲ್ಲ. ತಂದಿರುವ ಆಲಿವ್ ಎಣ್ಣೆ ಹೃದಯಕ್ಕೆ ಒಳ್ಳೆಯದೇ, ಅದನ್ನೇ ಬಳಸಿ.

ಪ್ರಶ್ನೆ (ಇನ್ನೊಬ್ಬರು): ಕೊಬ್ಬರಿ ಎಣ್ಣೆಗೆ ಪಿತ್ತರಸವೇ ಬೇಡ, ಬೇಗ ಅರಗುತ್ತದೆ ಅನ್ನುತ್ತಾರಲ್ಲ ಮೇಡಂ?

ಡಯಟಿಷಿಯನ್: ಈ ಮಾತು ನಿಜವಾಗುವುದು ಎಂಸಿಟಿ (ಮಧ್ಯಮ ಸರಪಳಿಯ ಕೊಬ್ಬು) ಎಣ್ಣೆಗೆ. ಅದರ ಕೊಬ್ಬಿನ ಸರಪಳಿ ಚಿಕ್ಕದು, 8 ಅಥವಾ 10 ಕಾರ್ಬನ್‌ನದು. ಹೆಚ್ಚು ಪಿತ್ತರಸ ಕೇಳುವುದಿಲ್ಲ, ಕರುಳಿನಿಂದ ನೇರ ರಕ್ತಕ್ಕೆ ಸೇರಿ ಲಿವರ್‌ಗೆ ಹೋಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಅಂಥ ಕೊಬ್ಬು ಸ್ವಲ್ಪವೇ. ಹೆಚ್ಚುಕಡಿಮೆ ಅರ್ಧದಷ್ಟು ಇರುವುದು 12 ಕಾರ್ಬನ್‌ನ ಲಾರಿಕ್ ಆಮ್ಲ. ಅದು ಬಹುಪಾಲು ಮಾಮೂಲಿ ಕೊಬ್ಬಿನ ದಾರಿಯಲ್ಲೇ ಹೋಗುತ್ತದೆ. ಜೊತೆಗೆ ಕೊಬ್ಬರಿ ಎಣ್ಣೆಯಲ್ಲಿ ಹೃದಯಕ್ಕೆ ಅಷ್ಟು ಒಳ್ಳೆಯದಲ್ಲದ ಸ್ಯಾಚುರೇಟೆಡ್ ಕೊಬ್ಬು 80 ಶೇಕಡಕ್ಕೂ ಜಾಸ್ತಿ.

ಎಂಸಿಟಿಯನ್ನೂ ನೀವೇ ತಂದು ಶುರು ಮಾಡಬೇಡಿ. ಕೊಬ್ಬು ಹೀರಿಕೊಳ್ಳುವುದರಲ್ಲೇ ತೊಂದರೆ ಇರುವವರಿಗೆ ಡಾಕ್ಟರ್ ಹೇಳಿ ಕೊಡಿಸುವಂಥದ್ದು ಅದು. ಒಮ್ಮೆಗೇ ಜಾಸ್ತಿ ತೆಗೆದುಕೊಂಡರೆ ಹೊಟ್ಟೆ ನುಲಿಯುತ್ತದೆ, ಭೇದಿಯಾಗುತ್ತದೆ. ಜೋರು ಉರಿಯಲ್ಲಿ ಬೇಗ ಹೊಗೆಯಾಡುತ್ತದೆ, ಹುರಿಯೋಕೆ ಆಗುವುದಿಲ್ಲ. ಬೇಯಿಸಿದ ಮೇಲೆ ಬೆರೆಸಬೇಕು.

ಪ್ರಶ್ನೆ (ಮತ್ತೊಬ್ಬರು): ನನಗೆ ಐಬಿಎಸ್ (ಕರುಳು ಪದೇ ಪದೇ ಕೆರಳುವ ತೊಂದರೆ) ಇದೆ, ಲೋ ಫಾಡ್‌ಮ್ಯಾಪ್ ಡಯಟ್‌ನಲ್ಲಿದ್ದೇನೆ, ಅಂದರೆ ಕರುಳಿನಲ್ಲಿ ಹುದುಗಿ ಗ್ಯಾಸ್ ಮಾಡುವ ಕೆಲವು ಕಾರ್ಬೋಹೈಡ್ರೇಟ್‌ಗಳನ್ನು ಕಡಿಮೆ ಮಾಡಿದ್ದೇನೆ. ಬೆಳ್ಳುಳ್ಳಿ ಬಿಟ್ಟಿದ್ದೇನೆ. ಬೆಳ್ಳುಳ್ಳಿ ಘಮದ ಎಣ್ಣೆ ಬಳಸಬಹುದಾ?

ಡಯಟಿಷಿಯನ್: ಬಳಸಬಹುದು. ಬೆಳ್ಳುಳ್ಳಿಯಲ್ಲಿ ನಿಮಗೆ ತೊಂದರೆ ಕೊಡುವ ಫ್ರಕ್ಟಾನ್ ಎನ್ನುವ ಕಾರ್ಬೋಹೈಡ್ರೇಟ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿ ಬೆಳ್ಳುಳ್ಳಿ ಬಾಡಿಸಿ, ಚೂರೂ ಉಳಿಯದ ಹಾಗೆ ತೆಗೆದುಬಿಡಿ. ಆಮೇಲೆಯೇ ಉಳಿದ ಪದಾರ್ಥ ಹಾಕಿ. ಆದರೆ ಮನೆಯಲ್ಲಿ ಮಾಡಿ ಹೊರಗೆ ಇಡಲೇಬೇಡಿ. ಗಾಳಿಯಾಡದ ಎಣ್ಣೆಯೊಳಗೆ ಬೊಟುಲಿಸಮ್ ಎನ್ನುವ ಮಾರಕ ಕಾಯಿಲೆ ತರುವ ವಿಷ ಹುಟ್ಟಬಹುದು, ಅದಕ್ಕೆ ವಾಸನೆಯೂ ಇರುವುದಿಲ್ಲ. ಆಯಾ ಅಡುಗೆಗೆ ಬೇಕಾದಷ್ಟೇ ಮಾಡಿಕೊಳ್ಳಿ.

ಪ್ರಶ್ನೆ (ಮೊದಲು ಕೇಳಿದವರು): ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ಕೆಲವು ತಿಂಗಳು ಎಣ್ಣೆಯನ್ನೇ ಬಿಟ್ಟರೆ?

ಡಯಟಿಷಿಯನ್: ಬೇಡ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಬೇಕಾದರೆ ಊಟದಲ್ಲಿ ಸ್ವಲ್ಪ ಕೊಬ್ಬು ಇರಲೇಬೇಕು. ಕೆಲವು ಕೊಬ್ಬಿನಾಮ್ಲಗಳನ್ನು ದೇಹ ತಾನಾಗಿ ತಯಾರಿಸಿಕೊಳ್ಳುವುದಿಲ್ಲ, ಅವು ಊಟದಿಂದಲೇ ಬರಬೇಕು. ಒಂದು ಚಮಚಕ್ಕೆ ಹೊಟ್ಟೆ ಒಗ್ಗಿದ ಮೇಲೆ ನಿಧಾನವಾಗಿ ಅರ್ಧರ್ಧ ಚಮಚ ಹೆಚ್ಚಿಸಿ. ತುಂಬಾ ಜನರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ಇಷ್ಟಾದರೂ ನೀರು ನೀರಾದ ಭೇದಿ ನಿಲ್ಲದಿದ್ದರೆ ಡಾಕ್ಟರ್‌ಗೆ ಹೇಳಿ. ಪಿತ್ತರಸವನ್ನು ಹಿಡಿದಿಡುವ ಔಷಧಿಗಳಿವೆ. ಮಲ ಬಿಳಿಚಿಕೊಂಡು, ಜಿಡ್ಡುಜಿಡ್ಡಾಗಿ ನೀರಿನ ಮೇಲೆ ತೇಲುತ್ತಿದ್ದರೂ ತಿಳಿಸಿ, ಕೊಬ್ಬು ಅರಗುತ್ತಿಲ್ಲ ಅಂತ ಅರ್ಥ. ಕಣ್ಣು ಹಳದಿಯಾದರೆ, ಜ್ವರ ಬಂದರೆ, ಹೊಟ್ಟೆಯ ಮೇಲ್ಭಾಗದಲ್ಲಿ ಜೋರು ನೋವು ಬಂದರೆ ಇಲ್ಲಿ ಕೇಳುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.